ಸಂಬಳಚೀಟಿಯ ಓದದ ಸಾಲು

(ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯನಾದವನು ಎದ್ದು ನಿಂತರೆ ಪರೀಕ್ಷೆಯ ಫಲಿತಾಂಶ, ಮಕ್ಕಳ ಹಾಜರಿ, ಕಟ್ಟಡನಿಧಿ ಇವುಗಳ ಮಾತೇ ಬರುವುದು ವಾಡಿಕೆ. ಆ ವಿವರಗಳನ್ನೆಲ್ಲ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಆಗಲೇ ಒಪ್ಪಿಸಿದ್ದಾರೆ. ಆದುದರಿಂದ ಈ ದಿನ ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಅಧ್ಯಕ್ಷರ ಅಪ್ಪಣೆ ಬೇಡಿದೆವು. ಅವರು ಸಂತೋಷದಿಂದ ಒಪ್ಪಿದರು. ವಿಷಯ ಕೇಳಲು ಒಣಗಿದಂತೆ ತೋರಬಹುದು. ಆದರೂ ಅದು ತಮ್ಮೆಲ್ಲರ ಅಡುಗೆಮನೆಯ ಒಲೆಗೂ, ಈ ಮಕ್ಕಳ ಓದಿಗೂ ಹತ್ತಿರದ ಸಂಬಂಧವುಳ್ಳದ್ದು. ಕೆಲಸ ಕೊಟ್ಟವರು ಕೆಲಸಗಾರರಿಗಾಗಿ ಮಾಡಿಸುವ ಸಮೂಹ ವಿಮೆ ಎಂಬುದೇ ಆ ವಿಷಯ.

ಪ್ರತಿವರ್ಷ ಜೂನ್ ತಿಂಗಳಲ್ಲಿ ವಿದ್ಯಾರ್ಥಿವೇತನದ ಅರ್ಜಿಯ ಜತೆಗೆ ತಂದೆಯ ಸಂಬಳಚೀಟಿಯ ಪ್ರತಿಯನ್ನು ನಾವು ತರಿಸಿಕೊಳ್ಳುತ್ತೇವೆ. ಕೆಲವರು ಗಿರಣಿಯಲ್ಲಿ, ಕೆಲವರು ಪಂಪುಗಳ ಕಾರ್ಖಾನೆಯಲ್ಲಿ, ಕೆಲವರು ತಿರುಪ್ಪೂರಿನ ಬನಿಯನ್ ಕಂಪೆನಿಗಳಲ್ಲಿ, ಕೆಲವರು ಹೋಟೆಲುಗಳಲ್ಲಿ ದುಡಿಯುವವರು. ಚೀಟಿಯಲ್ಲಿ ಒಂದೆರಡು ಕಡಿತಗಳು ಇದ್ದೇ ಇರುತ್ತವೆ. 'ಇದು ಯಾವುದಕ್ಕೆ ಹಿಡಿದ ಹಣ?' ಎಂದು ಕೇಳಿದರೆ ಹತ್ತರಲ್ಲಿ ಎಂಟು ಮಂದಿ ಕೊಡುವ ಉತ್ತರ ಒಂದೇ: 'ಅದೇನೋ ಹಿಡೀತಾರೆ, ಸಾರ್.' ಎಣ್ಣೆ ಕೊಳ್ಳುವಾಗ ಹತ್ತು ರೂಪಾಯಿಗೆ ನಾಲ್ಕು ಅಂಗಡಿ ಸುತ್ತುವ ಗೃಹಸ್ಥರು, ತಿಂಗಳು ತಿಂಗಳೂ ತಮ್ಮ ಬೆವರಿನಿಂದ ಹೋಗುವ ಹಣದ ವಿಚಾರದಲ್ಲಿ ಇಷ್ಟು ಉದಾಸೀನರಾಗಿರುವುದು ನಮಗೆ ಸೋಜಿಗವನ್ನೂ ವ್ಯಥೆಯನ್ನೂ ಉಂಟುಮಾಡಿದೆ. ವ್ಯಥೆ ಏಕೆಂಬುದನ್ನು ಮುಂದೆ ಅರಿಕೆ ಮಾಡುತ್ತೇವೆ. ಮೊದಲು ವಿಮೆಯ ತತ್ತ್ವವನ್ನು ತಿಳಿಯೋಣ.

ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಉಂಟು. ಈ ದಿನ ಒಬ್ಬನ ಹೊಲದಲ್ಲಿ ನಾಟಿಯಾದರೆ ಉಳಿದವರೆಲ್ಲ ಅಲ್ಲಿಗೆ ಹೋಗಿ ದುಡಿಯುತ್ತಾರೆ; ನಾಳೆ ಅವನು ಅವರ ಹೊಲಕ್ಕೆ ಹೋಗುತ್ತಾನೆ. ಒಬ್ಬನಿಂದ ಆಗದ ಕೆಲಸ ಹತ್ತು ಮಂದಿ ಕೂಡಿದರೆ ಹಗುರವಾಗುತ್ತದೆ. ವಿಮೆಯೂ ಒಂದು ಬಗೆಯ ಮುಯ್ಯಿಯೇ. ವ್ಯತ್ಯಾಸ ಇಷ್ಟೆ: ಮುಯ್ಯಿಯಲ್ಲಿ ಕೊಟ್ಟದ್ದು ತಿರುಗಿ ಬರಲೇಬೇಕು, ವಿಮೆಯಲ್ಲಿ ಕೊಟ್ಟದ್ದು ತಿರುಗಿ ಬಾರದಿದ್ದರೆ ಅದೇ ನಮ್ಮ ಭಾಗ್ಯ. ಮನೆಗೆ ಆಪತ್ತು ಬರಲಿಲ್ಲವೆಂದು ಅದರ ಅರ್ಥ.

ಏಳನೆಯ ತರಗತಿಯ ಮಕ್ಕಳು ಈ ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಬಲ್ಲರು. ಒಂದು ಗಿರಣಿಯಲ್ಲಿ ಸಾವಿರ ಮಂದಿ ಇದ್ದಾರೆನ್ನಿ. ವರ್ಷಕ್ಕೆ ಇಬ್ಬರು ಅಕಾಲ ಮರಣಕ್ಕೆ ತುತ್ತಾಗಬಹುದೆಂದು ಎಣಿಸೋಣ. ಒಂದೊಂದು ಕುಟುಂಬಕ್ಕೆ ಐದು ಲಕ್ಷ ರೂಪಾಯಿ ಕೊಡಬೇಕಾದರೆ ಬೇಕಾಗುವುದು ಹತ್ತು ಲಕ್ಷ. ಅದನ್ನು ಸಾವಿರ ಮಂದಿಗೆ ಹಂಚಿದರೆ ತಲೆಗೆ ವರ್ಷಕ್ಕೆ ಸಾವಿರ ರೂಪಾಯಿ. ತಿಂಗಳಿಗೆ ಎಂಬತ್ತನಾಲ್ಕು ರೂಪಾಯಿಗೂ ಕಡಮೆ. ಆ ಇಬ್ಬರು ಯಾರೆಂದು ಯಾರಿಗೂ ತಿಳಿಯದು. ತಿಳಿಯದಿರುವುದರಿಂದಲೇ ಸಾವಿರ ಮಂದಿಯೂ ಕೊಡಲು ಒಪ್ಪುತ್ತಾರೆ. ಕಛೇರಿಯ ಖರ್ಚು, ಮುಂಜಾಗ್ರತೆಯ ಮೊತ್ತ ಇವು ಸೇರಿ ಕಂತು ಸ್ವಲ್ಪ ಹೆಚ್ಚಬಹುದು; ತತ್ತ್ವ ಮಾತ್ರ ಇಷ್ಟೇ.

ಹಾಗಾದರೆ ಪ್ರತಿಯೊಬ್ಬನೂ ತಾನೇ ಹೋಗಿ ವಿಮೆ ಮಾಡಿಸಿಕೊಂಡರೆ ಸಾಲದೆ, ಗುಂಪೇಕೆ ಎಂದು ಕೇಳಬಹುದು. ಒಬ್ಬೊಬ್ಬರಾಗಿ ಬರುವವರಲ್ಲಿ ರೋಗದ ಭಯ ಹೆಚ್ಚಾಗಿರುವವರೇ ಮೊದಲು ಬರುತ್ತಾರೆ. ಗಟ್ಟಿಮುಟ್ಟಾದ ತರುಣ 'ನನಗೇಕೆ?' ಎಂದು ದೂರ ಉಳಿಯುತ್ತಾನೆ. ಆಗ ನಿಧಿಗೆ ಹಣ ಕಡಮೆ, ಬೇಡಿಕೆ ಹೆಚ್ಚು. ಅದಕ್ಕಾಗಿಯೇ ವಿಮಾ ಕಂಪೆನಿ ವೈದ್ಯಪರೀಕ್ಷೆ ಕೇಳುತ್ತದೆ, ಹಳೆಯ ಕಾಯಿಲೆಗೆ ಕೆಲವು ವರ್ಷ ಕಾಯಿರಿ ಎನ್ನುತ್ತದೆ. ಒಂದು ಕಾರ್ಖಾನೆಯ ನೌಕರರಾದರೋ ವಿಮೆಗೆಂದು ಕೂಡಿದವರಲ್ಲ, ದುಡಿಮೆಗೆಂದು ಕೂಡಿದವರು. ಅವರಲ್ಲಿ ಎಳೆಯರೂ ಹಿರಿಯರೂ, ಬಲವಂತರೂ ದುರ್ಬಲರೂ ಇರುತ್ತಾರೆ. ಎಲ್ಲರನ್ನೂ ಒಟ್ಟಿಗೆ ತೆಗೆದುಕೊಂಡರೆ ಲೆಕ್ಕ ಸರಿದೂಗುತ್ತದೆ. ಆದುದರಿಂದ ಸಮೂಹ ವಿಮೆಯಲ್ಲಿ ಸಾಮಾನ್ಯವಾಗಿ ವೈದ್ಯಪರೀಕ್ಷೆ ಇಲ್ಲ. ಅನೇಕ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಉಂಟು. ಒಂದೇ ಪಾಲಿಸಿ, ಒಂದೇ ಚೆಕ್ಕು ಆದುದರಿಂದ ಖರ್ಚೂ ಕಡಮೆ.

ಈ ವಿಚಾರ ಪರದೇಶದಿಂದ ಮೊನ್ನೆ ಮೊನ್ನೆ ಬಂದದ್ದೆಂದು ಭಾವಿಸಬೇಡಿ. ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ, ೧೮೮೩ರಲ್ಲಿ, ಕಾರ್ಮಿಕರ ಕಾಯಿಲೆಯ ವಿಮೆ ಕಾನೂನಾಯಿತು. ಅದಾದ ಎಂಟೇ ವರ್ಷಕ್ಕೆ, ೧೮೯೧ರಲ್ಲಿ, ನಮ್ಮ ಮೈಸೂರು ಸಂಸ್ಥಾನದಲ್ಲಿ ಚಾಮರಾಜೇಂದ್ರ ಒಡೆಯರ ಆಳ್ವಿಕೆ ನಡೆದು, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಸರಕಾರಿ ನೌಕರರಿಗಾಗಿ ಸರಕಾರವೇ ನಡೆಸುವ ಜೀವವಿಮೆ ಪ್ರಾರಂಭವಾಯಿತು. ಸಂಬಳದಿಂದಲೇ ಕಂತನ್ನು ಹಿಡಿಯುವ ಆ ಏರ್ಪಾಟು ಈ ದಿನವೂ ಕರ್ನಾಟಕ ಸರಕಾರಿ ವಿಮಾ ಇಲಾಖೆ ಎಂಬ ಹೆಸರಿನಲ್ಲಿ ಬೆಂಗಳೂರಿನಿಂದ ನಡೆಯುತ್ತಿದೆ. ರಾಜ್ಯದ ನೌಕರರಿಗೆ ಅದು ಕಡ್ಡಾಯ. ಅಮೇರಿಕಾದಲ್ಲಿ ಕೆಲಸಗಾರರ ಮೊದಲ ಸಮೂಹ ಜೀವವಿಮೆ ಬಂದದ್ದು ೧೯೧೧ರಲ್ಲಿ. ೧೯೨೯ರಲ್ಲಿ ಅಲ್ಲಿಯ ಡಲ್ಲಾಸ್ ನಗರದ ಶಾಲಾಶಿಕ್ಷಕರು ತಿಂಗಳಿಗೆ ಅರ್ಧ ಡಾಲರಿನಂತೆ ಕೊಟ್ಟು, ಕಾಯಿಲೆ ಬಿದ್ದಾಗ ಇಪ್ಪತ್ತೊಂದು ದಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವ ಒಪ್ಪಂದವನ್ನು ಒಂದು ಆಸ್ಪತ್ರೆಯೊಡನೆ ಮಾಡಿಕೊಂಡರು. ಆ ದೇಶದ ಆರೋಗ್ಯವಿಮೆ ಆ ಮೊಳಕೆಯಿಂದಲೇ ಹೆಮ್ಮರವಾಯಿತು. ಬೀಜ ಹಾಕಿದವರು ಮೇಷ್ಟರುಗಳೆಂಬುದು ನಮಗೆ ಸ್ವಲ್ಪ ಹೆಮ್ಮೆಯ ಸಂಗತಿ!

ನಮ್ಮ ಕೊಯಮತ್ತೂರಿಗೂ ಈ ಚರಿತ್ರೆಯಲ್ಲಿ ಸ್ಥಾನ ಉಂಟು. ೧೮೮೮ರಲ್ಲಿ ಸ್ಟೇನ್ಸ್ ಗಿರಣಿ ಎದ್ದ ಮೇಲೆ ಇದು ಗಿರಣಿಗಳ ಊರಾಗಿ ಬೆಳೆಯಿತು. ೧೯೨೩ರ ಪರಿಹಾರ ಕಾಯಿದೆಯ ಪ್ರಕಾರ ಕೆಲಸದಲ್ಲಿ ಕೈಕಾಲು ಕಳೆದುಕೊಂಡವನಿಗೆ ಮಾಲಿಕನೇ ಪರಿಹಾರ ಕೊಡಬೇಕಾಗಿತ್ತು. ಆದರೆ ಸಾಮಾನ್ಯ ಜ್ವರಕ್ಕೆ, ಕ್ಷಯಕ್ಕೆ, ಹೆರಿಗೆಗೆ ಆ ಕಾಯಿದೆಯಲ್ಲಿ ದಾರಿ ಇರಲಿಲ್ಲ. ೧೯೪೪ರಲ್ಲಿ ಪ್ರೊಫೆಸರ್ ಬಿ. ಪಿ. ಅದರ್ಕರ್ ಅವರು ಸಲ್ಲಿಸಿದ ವರದಿಯ ಆಧಾರದ ಮೇಲೆ ೧೯೪೮ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಆಯಿತು. ತಾವೆಲ್ಲ ಇ.ಎಸ್.ಐ. ಎಂದು ಕರೆಯುವುದು ಇದನ್ನೇ. ೧೯೫೨ರ ಫೆಬ್ರವರಿ ೨೪ರಂದು ಕಾನಪುರದಲ್ಲಿ ಜವಾಹರಲಾಲ್ ನೆಹರೂ ಅವರು ಯೋಜನೆಯನ್ನು ಉದ್ಘಾಟಿಸಿದರು. ನಮ್ಮ ಈ ರಾಜ್ಯದಲ್ಲಿ ಅದು ಕಾಲಿಟ್ಟದ್ದು ೧೯೫೫ರ ಜನವರಿ ೨೩ರಂದು. ಅದೂ ಮೊಟ್ಟಮೊದಲು ಕೊಯಮತ್ತೂರಿನಲ್ಲಿ. ಸಿಂಗಾನಲ್ಲೂರಿನ ಇ.ಎಸ್.ಐ. ಆಸ್ಪತ್ರೆಯ ಹಾದಿಯನ್ನು ಅರಿಯದ ಗಿರಣಿ ಕುಟುಂಬ ಇಲ್ಲಿ ಅಪರೂಪ.

ಈಗ ಸಂಬಳಚೀಟಿಗೆ ಬರೋಣ. ಅದರಲ್ಲಿ ಮೂರು ಬಗೆಯ ವಿಮೆಗಳು ಅಡಗಿರಬಹುದು. ಅವನ್ನು ಬೇರೆ ಬೇರೆಯಾಗಿ ಅರಿಯದಿದ್ದರೆ ಎಲ್ಲವೂ 'ಅದೇನೋ' ಆಗಿಯೇ ಉಳಿಯುತ್ತದೆ.

ಮೊದಲನೆಯದು ಇ.ಎಸ್.ಐ. ಹತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ, ಈ ಯೋಜನೆಗೆ ಒಳಪಟ್ಟ ಸಂಸ್ಥೆಗಳಲ್ಲಿ ಇದು ಕಾನೂನಿನ ಕಟ್ಟು, ಮಾಲಿಕನ ದಯೆಯಲ್ಲ. ೨೦೧೭ರ ಜನವರಿಯಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ ೨೧,೦೦೦ ರೂಪಾಯಿಗೆ ಏರಿಸಲಾಯಿತು. ೨೦೧೯ರ ಜುಲೈಯಲ್ಲಿ ಗೊತ್ತಾದ ದರದಂತೆ ನೌಕರನ ಪಾಲು ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲಿಕನ ಪಾಲು ನೂರಕ್ಕೆ ಮೂರೂಕಾಲು ರೂಪಾಯಿ. ಸಂಬಳ ೧೬,೦೦೦ ಆದರೆ ನೌಕರನಿಂದ ೧೨೦, ಮಾಲಿಕನಿಂದ ೫೨೦. ಒಟ್ಟು ೬೪೦ ರೂಪಾಯಿ ತಿಂಗಳು ತಿಂಗಳೂ ನಿಧಿಗೆ ಸಲ್ಲುತ್ತದೆ. ಇದಕ್ಕೆ ಪ್ರತಿಯಾಗಿ ನೌಕರನಿಗೂ ಕುಟುಂಬಕ್ಕೂ ಚಿಕಿತ್ಸೆ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ, ವರ್ಷಕ್ಕೆ ೯೧ ದಿನಗಳವರೆಗೆ, ಸಂಬಳದ ನೂರಕ್ಕೆ ಎಪ್ಪತ್ತು. ಹೆಣ್ಣುಮಕ್ಕಳಿಗೆ ಹೆರಿಗೆಯ ಕಾಲದಲ್ಲಿ ೨೬ ವಾರಗಳ ಸಂಬಳ. ಕೆಲಸದ ಅಪಘಾತದಲ್ಲಿ ಪ್ರಾಣ ಹೋದರೆ ಅವಲಂಬಿತರಿಗೆ ಮಾಸಾಶನ. ಕಾಯಿಲೆಯ ಭತ್ಯೆಗೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ ೭೮ ದಿನಗಳ ವಂತಿಗೆ ಸಂದಿರಬೇಕೆಂಬ ನಿಯಮ ಉಂಟು. ಆದುದರಿಂದ ಸುಮ್ಮನೆ ಕೆಲಸಕ್ಕೆ ಚಕ್ಕರ್ ಹೊಡೆಯುವವರು ಜೋಕೆ! ಮಾಲಿಕನು ತನ್ನ ಪಾಲನ್ನು ನೌಕರನ ಸಂಬಳದಿಂದ ಮುರಿಯುವಂತಿಲ್ಲ. ನೌಕರನಿಂದ ಹಿಡಿದ ಹಣವನ್ನು ಕಟ್ಟದೆ ಇಟ್ಟುಕೊಂಡರೆ ಅದು ನಂಬಿಕೆದ್ರೋಹದ ಅಪರಾಧ. ಸಾಮಾಜಿಕ ಭದ್ರತೆಯ ಹಲವು ಕಾಯಿದೆಗಳನ್ನು ಒಂದುಗೂಡಿಸಲು ೨೦೨೦ರಲ್ಲಿ ಅಂಗೀಕೃತವಾದ ಸಂಹಿತೆ ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದಿತು. ಕಾಯಿದೆಯ ಹೆಸರು ಬದಲಾದರೂ ಇ.ಎಸ್.ಐ. ನಿಂತಿಲ್ಲ.

ಎರಡನೆಯದು ಭವಿಷ್ಯನಿಧಿಯ ಬೆನ್ನಿಗೆ ಅಂಟಿಕೊಂಡಿರುವ ಜೀವವಿಮೆ. ೧೯೭೬ರ ಆಗಸ್ಟ್ ೧ರಿಂದ ನಡೆದುಬಂದಿರುವ ಇದಕ್ಕೆ ನೌಕರರ ಠೇವಣಿ ಸಂಬಂಧಿತ ವಿಮಾ ಯೋಜನೆ ಎಂದು ಹೆಸರು. ಇದರ ವಿಶೇಷವೇನೆಂದರೆ ನೌಕರನು ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಆದುದರಿಂದಲೇ ಅವನ ಸಂಬಳಚೀಟಿಯ ಕಡಿತಗಳಲ್ಲಿ ಇದು ಕಾಣುವುದೂ ಇಲ್ಲ. ಮಾಲಿಕನೇ ಸಂಬಳದ ನೂರಕ್ಕೆ ಅರ್ಧ ರೂಪಾಯಿ ಕಟ್ಟುತ್ತಾನೆ. ೧೫,೦೦೦ ರೂಪಾಯಿಯ ಮಿತಿಗೆ ಲೆಕ್ಕ ಹಾಕಿದರೆ ತಿಂಗಳಿಗೆ ಎಪ್ಪತ್ತೈದು ರೂಪಾಯಿ. ನೌಕರನು ಸೇವೆಯಲ್ಲಿರುವಾಗ ಯಾವ ಕಾರಣದಿಂದ ಮರಣ ಹೊಂದಿದರೂ, ಕಾರ್ಖಾನೆಯ ಒಳಗಾಗಲಿ ಹೊರಗಾಗಲಿ, ಕುಟುಂಬಕ್ಕೆ ಹಣ ಸಲ್ಲಬೇಕು. ಸಂಬಳದ ಮೂವತ್ತೈದು ಪಟ್ಟು, ಅದರ ಮೇಲೆ ಭವಿಷ್ಯನಿಧಿಯ ಸರಾಸರಿ ಶಿಲ್ಕಿನ ಅರ್ಧ; ಈ ಅರ್ಧಕ್ಕೆ ೧,೭೫,೦೦೦ದ ಮಿತಿ ಉಂಟು. ಮೂವತ್ತೈದನ್ನು ೧೫,೦೦೦ದಿಂದ ಗುಣಿಸಿದರೆ ೫,೨೫,೦೦೦. ಎರಡೂ ಸೇರಿ ಗರಿಷ್ಠ ಏಳು ಲಕ್ಷ. ಈ ಏಳು ಲಕ್ಷದ ಮಿತಿ ೨೦೨೧ರ ಏಪ್ರಿಲ್ ೨೮ರಿಂದ ಬಂದದ್ದು. ವರ್ಷಕಾಲ ಎಡೆಬಿಡದ ಸೇವೆ ಇದ್ದರೆ ಕನಿಷ್ಠ ಎರಡೂವರೆ ಲಕ್ಷ. ಇದಕ್ಕಿಂತ ಮೇಲಾದ ಸಮೂಹ ವಿಮೆಯನ್ನು ತಾನೇ ಕೊಡಿಸುವ ಮಾಲಿಕನು ಅನುಮತಿ ಪಡೆದು ಈ ಯೋಜನೆಯಿಂದ ವಿನಾಯಿತಿ ಹೊಂದಬಹುದು. ಆದರೆ ನೌಕರನಿಗೆ ಸಿಗುವುದು ಕಡಮೆಯಾಗಕೂಡದು.

ಮೂರನೆಯದು ಮಾಲಿಕನು ವಿಮಾ ಕಂಪೆನಿಯಿಂದ ಕೊಳ್ಳುವ ಸಮೂಹ ಪಾಲಿಸಿ. ಆಸ್ಪತ್ರೆಯ ಖರ್ಚಿಗೆ ಒಂದು, ಅಪಘಾತಕ್ಕೆ ಒಂದು, ಜೀವಕ್ಕೆ ಒಂದು, ಹೀಗೆ ಇರಬಹುದು. ಇ.ಎಸ್.ಐ. ಮಿತಿಯನ್ನು ದಾಟಿದ ಸಂಬಳದವರಿಗೆ ಇದೇ ಆಸರೆ. ೨೦೨೦ರ ಏಪ್ರಿಲ್‌ನಲ್ಲಿ, ಕೊರೋನಾ ದಿಗ್ಬಂಧನದ ನಡುವೆ ಕೆಲಸ ಮರಳಿ ಆರಂಭಿಸುವ ಸಂಸ್ಥೆಗಳು ಕೆಲಸಗಾರರಿಗೆ ವೈದ್ಯವಿಮೆ ಮಾಡಿಸಲೇಬೇಕೆಂದು ಕೇಂದ್ರ ಸರಕಾರ ಆಜ್ಞೆ ಮಾಡಿದ ಮೇಲೆ ಈ ಹೆಸರು ಅನೇಕರ ಕಿವಿಗೆ ಬಿದ್ದಿತು.

ಈ ಮೂರನೆಯ ಬಗೆಯಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪಾಲಿಸಿಯ ಒಡೆಯನು ಮಾಲಿಕನು; ನೌಕರನು ಅದರ ನೆರಳಿನಲ್ಲಿ ನಿಂತ ಸದಸ್ಯನು. ಆಸ್ಪತ್ರೆಯ ಪಾಲಿಸಿ ಸಾಮಾನ್ಯವಾಗಿ ಒಂದೊಂದು ವರ್ಷದ ಕರಾರು. ಯಾರು ಯಾರಿಗೆ ರಕ್ಷಣೆ ಎಂಬ ಪಟ್ಟಿಯನ್ನು ಮಾಲಿಕನ ಕಛೇರಿ ಕಳುಹಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವನು ಕಂಪೆನಿಯ ಕಣ್ಣಿಗೆ ಇಲ್ಲದವನೇ. ಕೆಲಸ ಬಿಟ್ಟ ದಿನ ನೆರಳೂ ಹೋಗುತ್ತದೆ. ಐವತ್ತೆಂಟು ವರ್ಷದವರೆಗೆ 'ಕಂಪೆನಿ ನೋಡಿಕೊಳ್ಳುತ್ತದೆ' ಎಂದು ನಿಶ್ಚಿಂತರಾಗಿದ್ದು, ನಿವೃತ್ತಿಯ ಮರುದಿನ, ಅಂದರೆ ಕಾಯಿಲೆಗಳು ಬಾಗಿಲು ತಟ್ಟುವ ವಯಸ್ಸಿನಲ್ಲಿ, ಬಯಲಿಗೆ ಬಿದ್ದವರನ್ನು ನಾವು ಕಂಡಿದ್ದೇವೆ.

ಹಾಗಾದರೆ ಇದನ್ನೆಲ್ಲ ನೋಡಿಕೊಳ್ಳುವವರು ಯಾರು? ೧೯೩೮ರ ವಿಮಾ ಕಾಯಿದೆ ಇಂದಿಗೂ ಅಸ್ತಿಭಾರ. ೧೯೫೬ರ ಸೆಪ್ಟೆಂಬರ್ ೧ರಂದು ಜೀವವಿಮಾ ನಿಗಮ ಹುಟ್ಟಿ ಖಾಸಗಿ ಜೀವವಿಮಾ ಕಂಪೆನಿಗಳು ರಾಷ್ಟ್ರದ ಸ್ವತ್ತಾದವು. ಮಲ್ಹೋತ್ರಾ ಸಮಿತಿಯ ೧೯೯೪ರ ವರದಿಯ ತರುವಾಯ ೧೯೯೯ರ ಕಾಯಿದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರ ರಚಿತವಾಯಿತು. ಖಾಸಗಿ ಕಂಪೆನಿಗಳಿಗೆ ಬಾಗಿಲು ಮತ್ತೆ ತೆರೆಯಿತು. ಪ್ರಾಧಿಕಾರದ ಮುಖ್ಯ ಕಛೇರಿ ಹೈದರಾಬಾದಿನಲ್ಲಿದೆ. ವಿಮಾ ಕಂಪೆನಿಗಳಿಗೆ ಅನುಮತಿ ಕೊಡುವುದು, ಕೊಟ್ಟ ಮಾತನ್ನು ನಡೆಸಲು ಸಾಕಾದಷ್ಟು ಹಣ ಅವುಗಳ ಬಳಿ ಇದೆಯೇ ಎಂದು ನೋಡುವುದು, ಗ್ರಾಹಕರ ಹಿತ ಕಾಯುವುದು ಅದರ ಕೆಲಸ.

ಸಮೂಹ ವಿಮೆಗೆ ಪ್ರಾಧಿಕಾರ ೨೦೦೫ರಲ್ಲಿಯೇ ಕೆಲವು ಕಟ್ಟಳೆಗಳನ್ನು ಹಾಕಿತು. ಕೇವಲ ವಿಮೆ ಪಡೆಯುವುದಕ್ಕಾಗಿ ಗುಂಪು ಕಟ್ಟಕೂಡದು. ಗುಂಪಿಗೆ ಬೇರೊಂದು ನಿಜವಾದ ಉದ್ದೇಶ ಇರಬೇಕು. ಗುಂಪಿನ ಯಜಮಾನನು ಸದಸ್ಯರಿಂದ ಕಂಪೆನಿಯ ಕಂತಿಗಿಂತ ಹೆಚ್ಚು ವಸೂಲು ಮಾಡಿ ಲಾಭ ಹೊಡೆಯಕೂಡದು. ಒಳಗೆ ಇರುವ ಪ್ರತಿಯೊಬ್ಬನಿಗೂ ತನಗೆ ಏನು ಸಲ್ಲುತ್ತದೆಂಬುದು ತಿಳಿಯುವಂತೆ ವಿಮಾ ಪ್ರಮಾಣಪತ್ರ ದೊರೆಯಬೇಕು. ಆರೋಗ್ಯವಿಮೆಯ ಗುಂಪನ್ನು ಬಿಟ್ಟು ಹೊರಡುವವನಿಗೆ ಅದೇ ಕಂಪೆನಿಯ ವೈಯಕ್ತಿಕ ಅಥವಾ ಕೌಟುಂಬಿಕ ಪಾಲಿಸಿಗೆ ವಲಸೆ ಹೋಗುವ ಹಕ್ಕೂ ಉಂಟು. ಗುಂಪಿನಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಗೆ ಲೆಕ್ಕ ಹಿಡಿಯುತ್ತಾರೆ. ಕಂತು ಹೆಚ್ಚಾಗುತ್ತದೆ, ನಿಜ. ಆದರೂ ನಿವೃತ್ತಿಗೆ ಮುಂಚೆಯೇ ಇದನ್ನು ಕೇಳಿ ಬರೆದುಕೊಟ್ಟವನು ಬಯಲಿಗೆ ಬೀಳುವುದಿಲ್ಲ. ೨೦೨೪ರ ಮೇ ತಿಂಗಳಿನಲ್ಲಿ ಹೊರಟ ಸುತ್ತೋಲೆಯಂತೆ, ನಗದಿಲ್ಲದ ಚಿಕಿತ್ಸೆಯ ಕೋರಿಕೆಗೆ ಕಂಪೆನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಬಿಡುಗಡೆಯ ವೇಳೆ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು. ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಕ್ಲೇಮನ್ನು ತಳ್ಳಿಹಾಕಕೂಡದು.

ಅನ್ಯಾಯವಾಯಿತೆಂದು ತೋರಿದರೆ ಮೊದಲು ಕಂಪೆನಿಗೇ ಬರೆದು ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರಲ್ಲಿಗೆ ಹೋಗಬಹುದು. ನಮ್ಮ ರಾಜ್ಯಕ್ಕೆ ಆ ಕಛೇರಿ ಚೆನ್ನೈಯಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ; ಸಮೂಹ ಪಾಲಿಸಿಯ ಸದಸ್ಯರೂ ಹೋಗಬಹುದು. ಆದರೆ ಇ.ಎಸ್.ಐ. ವ್ಯಾಜ್ಯಕ್ಕೆ ನೌಕರರ ವಿಮಾ ನ್ಯಾಯಾಲಯ, ಭವಿಷ್ಯನಿಧಿಯ ವಿಮೆಗೆ ಭವಿಷ್ಯನಿಧಿ ಕಛೇರಿ ಎಂಬುದನ್ನು ಮರೆಯಬಾರದು. ತಪ್ಪು ಬಾಗಿಲು ತಟ್ಟಿ ವರ್ಷ ಕಳೆದವರು ಉಂಟು.

ಇಷ್ಟು ಹೊತ್ತು ಬೇರೆಯವರ ಉದಾಸೀನವನ್ನು ಕುರಿತು ಮಾತಾಡಿದೆವು. ಈಗ ನಮ್ಮದನ್ನೂ ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ, ಇ.ಎಸ್.ಐ. ಮಿತಿಯನ್ನು ದಾಟಿದ ಸಿಬ್ಬಂದಿಗಾಗಿ ನಾವು ಒಂದು ಸಮೂಹ ಆರೋಗ್ಯ ಪಾಲಿಸಿ ಮಾಡಿಸಿದ್ದೆವು. ಸಹೋದ್ಯೋಗಿಯೊಬ್ಬರಿಗೆ ಗಂಡುಮಗು ಹುಟ್ಟಿತು. ಅವರು ಪೇಡೆ ಹಂಚಿ, ಮಗುವಿನ ಹೆಸರನ್ನು ಪಾಲಿಸಿಗೆ ಸೇರಿಸಲು ಕಾಗದ ಬರೆದು ನಮ್ಮ ಮೇಜಿನ ಮೇಲಿಟ್ಟರು. ಗುಮಾಸ್ತರು ರಜೆಯಲ್ಲಿದ್ದರು. 'ಸೋಮವಾರ ಕಳುಹಿಸೋಣ' ಎಂದು ಅದನ್ನು ಖಾನೆಯೊಳಗಿಟ್ಟೆವು. ಒಂದು ಸೋಮವಾರವಲ್ಲ, ಮೂರು ಸೋಮವಾರ ಕಳೆದವು. ಅಷ್ಟರಲ್ಲಿ ಮಗುವಿಗೆ ಉಸಿರಾಟದ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಪಾಲಿಸಿಯಲ್ಲಿ ಹೇಳಿದ್ದ ಗಡುವು ಮೀರಿತ್ತು, ಪಟ್ಟಿಯಲ್ಲಿ ಮಗುವಿನ ಹೆಸರಿರಲಿಲ್ಲ, ಕಂಪೆನಿ ಆಗದೆಂದಿತು. ಕಂಪೆನಿಯನ್ನು ದೂರುವಂತಿರಲಿಲ್ಲ. ಮಗು ದೇವರ ದಯೆಯಿಂದ ಗುಣವಾಯಿತು. ಖರ್ಚಿನಲ್ಲಿ ಒಂದು ಪಾಲನ್ನು ಸಂಘ ಭರಿಸಿತು, ಒಂದು ಪಾಲನ್ನು ನಾವು ಕೊಟ್ಟೆವು. ಉಳಿದದ್ದಕ್ಕೆ ಆ ತಾಯಿಯ ಬಳೆಗಳು ಗಿರವಿಗೆ ಹೋದವು. ಅವರು ಇಂದಿಗೂ ನಮ್ಮನ್ನು ಒಂದು ಮಾತು ಆಡಿಲ್ಲ. ಆಡಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಅಂದಿನಿಂದ ಪ್ರತಿ ತಿಂಗಳ ಒಂದನೆಯ ತಾರೀಕು ಸಿಬ್ಬಂದಿಯ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಮದುವೆ, ಜನನ, ಮರಣಗಳನ್ನು ತಿದ್ದಿ ಕಳುಹಿಸುವ ಪದ್ಧತಿಯನ್ನು ಇಟ್ಟಿದ್ದೇವೆ.

ಇನ್ನೊಂದು ಸಂಗತಿ. ನಮ್ಮ ವಿದ್ಯಾರ್ಥಿನಿಯೊಬ್ಬಳ ತಂದೆ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಒಂದು ಭಾನುವಾರ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಹದಿನೈದು ದಿನಗಳ ತರುವಾಯ ಆ ತಾಯಿ ಮಗಳ ವರ್ಗಾವಣೆ ಪತ್ರ ಕೇಳಲು ಬಂದರು. ತಾಳವಾಡಿಯ ಕಡೆ ಇರುವ ತಮ್ಮನ ಮನೆಗೆ ಹೋಗುವುದಾಗಿಯೂ, ಹುಡುಗಿಯನ್ನು ಮುಂದೆ ಓದಿಸುವುದು ತಮ್ಮ ಕೈಲಾಗದೆಂದೂ ಹೇಳಿದರು. 'ಕಾರ್ಖಾನೆಯಿಂದ ಏನಾದರೂ ಬರಬೇಕಾದ್ದಿದೆಯೇ, ತಾಯಿ?' ಎಂದು ಕೇಳಿದೆವು. 'ಅವರು ಸತ್ತದ್ದು ಕೆಲಸದಲ್ಲಲ್ಲವಲ್ಲ ಸಾರ್, ಏನು ಬರುತ್ತೆ?' ಎಂದರು. ಮನೆಯಲ್ಲಿ ಯಾವ ಕಾಗದವೂ ಇರಲಿಲ್ಲ. ಆಗ ನಮ್ಮ ಗುಮಾಸ್ತರಿಗೆ ಜೂನ್ ತಿಂಗಳ ವಿದ್ಯಾರ್ಥಿವೇತನದ ಅರ್ಜಿ ನೆನಪಾಯಿತು. ಕಡತದಲ್ಲಿ ಸಂಬಳಚೀಟಿಯ ಪ್ರತಿ ಇತ್ತು. ಅದರಲ್ಲಿ ಭವಿಷ್ಯನಿಧಿಯ ಸಂಖ್ಯೆಯೂ ಇತ್ತು.

ಆ ಚೀಟಿ ಹಿಡಿದು ಕಾರ್ಖಾನೆಗೆ ಹೋದೆವು. ಅಲ್ಲಿಯ ಲೆಕ್ಕಿಗರು ಸಜ್ಜನರು. ಮಾಲಿಕರು ತಿಂಗಳಿಗೆ ಎಪ್ಪತ್ತೈದು ರೂಪಾಯಿಯ ಆ ವಂತಿಗೆಯನ್ನು ತಪ್ಪದೆ ಕಟ್ಟಿದ್ದರು. ಆದರೆ ತೊಡಕೊಂದು ಎದುರಾಯಿತು. ತಂದೆತಾಯಿಗಳಿಲ್ಲದ ಆ ಮನುಷ್ಯರು ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದಾಗ ವಾರಸುದಾರನೆಂದು ಅಣ್ಣನ ಹೆಸರು ಬರೆದುಕೊಟ್ಟಿದ್ದರು; ಮದುವೆಯಾಗಿ ಮಗಳು ಹುಟ್ಟಿದ ಮೇಲೂ ಅದನ್ನು ಬದಲಿಸಿರಲಿಲ್ಲ. ಕುಟುಂಬವಿಲ್ಲದಾಗ ಬರೆದ ಅಂತಹ ನಾಮನಿರ್ದೇಶನ, ಕುಟುಂಬ ಉಂಟಾದೊಡನೆ ತಾನಾಗಿ ರದ್ದಾಗುತ್ತದೆಂಬುದು ಭವಿಷ್ಯನಿಧಿಯ ನಿಯಮ. ಹಣ ಹೆಂಡತಿಗೂ ಮಗಳಿಗೂ ಸಲ್ಲುವುದು ನಿಶ್ಚಯವಾಗಿತ್ತು. ಆದರೂ ಹೆಂಡತಿ ಇವರೇ, ಮಗಳು ಇವಳೇ ಎಂದು ಕಾಗದದ ಮೂಲಕ ತೋರಿಸಬೇಕಾಯಿತು. ಮರಣಪತ್ರ, ವಾರಸು ಪ್ರಮಾಣಪತ್ರ, ಬ್ಯಾಂಕಿನ ಪುಸ್ತಕ, ಮಗಳ ಜನನಪತ್ರ ಹೀಗೆ ಒಂದರ ಹಿಂದೊಂದು. ಏಳು ತಿಂಗಳು ಹಿಡಿಯಿತು. ಒಂದು ಹಾಳೆಯನ್ನು ಸಕಾಲದಲ್ಲಿ ತಿದ್ದಿದ್ದರೆ ಆ ವಿಧವೆ ಏಳು ತಿಂಗಳು ಬಸ್ಸು ಹತ್ತಿ ಇಳಿಯಬೇಕಾಗಿರಲಿಲ್ಲ. ಆ ಅವಧಿಯಲ್ಲಿ ಹುಡುಗಿಯ ಶುಲ್ಕವನ್ನು ಈ ಸಂಘ ಮನ್ನಾ ಮಾಡಿತು. ಹಣ ಬಂದಿತು. ನಾವು ಅರ್ಧ ಬರೆದಿಟ್ಟಿದ್ದ ವರ್ಗಾವಣೆ ಪತ್ರದ ಮೇಲೆ 'ರದ್ದು' ಎಂದು ಕೆಂಪು ಶಾಯಿಯಲ್ಲಿ ಬರೆದು ಪುಸ್ತಕದಲ್ಲಿಯೇ ಉಳಿಸಿಕೊಂಡೆವು. ನಮ್ಮ ಸೇವೆಯಲ್ಲಿ ಅಷ್ಟು ಸಂತೋಷದಿಂದ ಕೆಡಿಸಿದ ಹಾಳೆ ಇನ್ನೊಂದಿಲ್ಲ.

ಎಲ್ಲ ತಂದೆಯರಿಗೂ ಇಂತಹ ನೆರಳಿಲ್ಲವೆಂಬುದನ್ನೂ ನಾವು ಬಲ್ಲೆವು. ನಾಲ್ಕೈದು ಮಂದಿಯ ಚಿಕ್ಕ ಹೋಟೆಲಿನವರು, ಸೋಮನೂರು ಪಲ್ಲಡಂ ಕಡೆ ಕೂಲಿಗೆ ವಿದ್ಯುನ್ಮಗ್ಗ ನಡೆಸುವವರು, ಮನೆಮನೆಯಲ್ಲಿ ಹೊಲಿಗೆ ಮಾಡುವ ತಾಯಂದಿರು ಈ ಲೆಕ್ಕದ ಹೊರಗೆ ಉಳಿಯುತ್ತಾರೆ. ಅವರು ೨೦೧೫ರಲ್ಲಿ ಆರಂಭವಾದ ಪ್ರಧಾನಮಂತ್ರಿಗಳ ಹೆಸರಿನ ಎರಡು ವಿಮೆಗಳನ್ನು ವಿಚಾರಿಸಬಹುದು. ೨೦೨೨ರಲ್ಲಿ ಗೊತ್ತಾದ ದರದಂತೆ ವರ್ಷಕ್ಕೆ ೪೩೬ ರೂಪಾಯಿಗೆ ಎರಡು ಲಕ್ಷದ ಜೀವವಿಮೆ; ೨೦ ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ. ಮೊದಲನೆಯದಕ್ಕೆ ೧೮ರಿಂದ ೫೦, ಎರಡನೆಯದಕ್ಕೆ ೧೮ರಿಂದ ೭೦ ವರ್ಷ ವಯಸ್ಸಿನವರು ಸೇರಬಹುದು. ಇವೂ ಸಮೂಹ ವಿಮೆಗಳೇ. ಇಲ್ಲಿ ಮಾಲಿಕನ ಸ್ಥಾನದಲ್ಲಿ ನಿಲ್ಲುವುದು ತಮ್ಮ ಖಾತೆ ಇರುವ ಬ್ಯಾಂಕು ಅಥವಾ ಅಂಚೆಕಛೇರಿ. ಕಡಮೆ ವರಮಾನದ ಕುಟುಂಬಗಳಿಗೆ ತಮಿಳುನಾಡು ಸರಕಾರದ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆಯೂ ಉಂಟು. ಅರ್ಜಿ ಬರೆಯಲು ಸಂಕೋಚಪಡುವವರು ಶನಿವಾರ ಮಧ್ಯಾಹ್ನ ಶಾಲೆಗೆ ಬಂದರೆ ನಮ್ಮ ಉಪಾಧ್ಯಾಯರು ಬರೆದುಕೊಡುತ್ತಾರೆ.

ವಿದ್ಯಾರ್ಥಿಗಳೇ, ಈ ದಿನದ ಮನೆಗೆಲಸವನ್ನು ತಾವು ಬರೆಯುವುದಲ್ಲ, ತಮ್ಮ ತಂದೆತಾಯಿಗಳಿಂದ ಮಾಡಿಸುವುದು. ಈ ರಾತ್ರಿ ಊಟವಾದ ಮೇಲೆ ಅವರನ್ನು ನಾಲ್ಕು ಪ್ರಶ್ನೆ ಕೇಳಿರಿ. ಒಂದು, ಅಪ್ಪಾ, ನಿನ್ನ ಸಂಬಳದಲ್ಲಿ ಹಿಡಿಯುವ ಹಣ ಯಾವ ಯಾವುದಕ್ಕೆ? ಎರಡು, ವಾರಸುದಾರರೆಂದು ಯಾರ ಹೆಸರು ಬರೆದಿದ್ದೀಯೆ? ಮೂರು, ಅಮ್ಮನ ಹೆಸರು, ನಮ್ಮೆಲ್ಲರ ಹೆಸರು ಪಟ್ಟಿಯಲ್ಲಿವೆಯೇ, ಕಾಗುಣಿತ ಸರಿಯಾಗಿದೆಯೇ? ನಾಲ್ಕು, ಆ ಕಾಗದಗಳು ಎಲ್ಲಿವೆ, ಅಮ್ಮನಿಗೆ ಗೊತ್ತೇ? ಉತ್ತರಗಳನ್ನು ಒಂದು ಹಾಳೆಯ ಮೇಲೆ ಬರೆದು ಪಡಿತರ ಚೀಟಿಯ ಜತೆಗೆ ಇಡಿರಿ. ನಮಗೆ ತೋರಿಸಬೇಕಾಗಿಲ್ಲ, ಅಂಕವೂ ಇಲ್ಲ.

ತಂದೆಯರೇ, ಮಗು ಕೇಳಿದಾಗ 'ನಿನಗೇಕೆ ಅದೆಲ್ಲ?' ಎಂದು ಗದರಬೇಡಿ. ಸಾವಿನ ಮಾತು ಅಮಂಗಳವೆಂದು ಅನೇಕರು ಈ ವಿಷಯವನ್ನು ಮನೆಯಲ್ಲಿ ಎತ್ತುವುದಿಲ್ಲ. ಮಳೆಗಾಲಕ್ಕೆ ಮುಂಚೆ ಹೆಂಚು ಹೊದಿಸುವವನು ಮಳೆಯನ್ನು ಕರೆದವನಲ್ಲ. ತಾವು ದುಡಿದು ಕಟ್ಟಿದ ಮತ್ತು ತಮ್ಮ ದುಡಿಮೆಯ ಹೆಸರಿನಲ್ಲಿ ಮಾಲಿಕರು ಕಟ್ಟಿದ ಹಣ ತಮ್ಮ ಮಕ್ಕಳದು. ಅದು ಯಾವ ಕಡತದಲ್ಲಿ ಕುಳಿತಿದೆಯೆಂದು ಅವರಿಗೆ ತಿಳಿದಿರಲಿ. ನಮ್ಮ ಪುಸ್ತಕದಲ್ಲಿ ವರ್ಗಾವಣೆ ಪತ್ರದ ಹಾಳೆಗಳು ಇನ್ನೂ ಬೇಕಾದಷ್ಟು ಇವೆ. ಓದು ಮುಗಿಯುವ ಮುನ್ನ, ಬಡತನದ ಕಾರಣದಿಂದ, ಅವುಗಳಲ್ಲಿ ಒಂದನ್ನಾದರೂ ಬರೆಯುವ ಪ್ರಸಂಗ ನಮಗೆ ಬಾರದಿರಲಿ ಎಂದು ಹಾರೈಸುತ್ತೇವೆ.